"ತೆಗೆದು ಮತ್ತೆ ಹಾಕಿ, ಸರಿಹೋಗುತ್ತೆ" ಅನ್ನೋರಿಗೆ

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ, ಆಟೋಡೆಸ್ಕ್ ಕಂಪನಿಯ ಆಟೋಕ್ಯಾಡ್ ಸ್ವಲ್ಪ ಮೊಂಡು ಹಿಡಿದರೆ ಸಾಕು, ಅಕ್ಕಪಕ್ಕದ ಟೇಬಲ್ಲಿನಿಂದ ಬರುವ ಸಲಹೆ ಒಂದೇ. "ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ ಸಾರ್, ಸರಿಹೋಗುತ್ತೆ." ಸಿವಿಲ್ ಕನ್ಸಲ್ಟೆನ್ಸಿ ಇರಲಿ, ಇಂಟೀರಿಯರ್ ಆಫೀಸಿರಲಿ, ಫ್ಯಾಕ್ಟರಿಯ ಡಿಸೈನ್ ವಿಭಾಗ ಇರಲಿ, ಇದೇ ಮಾತು. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಡ್ರಾಯಿಂಗ್ ಕೆಲಸದವರಲ್ಲದಿದ್ದರೆ ಆರಾಮಾಗಿ ಮುಂದಕ್ಕೆ ಹೋಗಿ.

ಎಷ್ಟೋ ದೂರುಗಳಿಗೆ ಇಷ್ಟು ದೊಡ್ಡ ಚಿಕಿತ್ಸೆ ಬೇಕಾಗೇ ಇಲ್ಲ. ಓಪನ್ ಒತ್ತಿದರೆ ಫೈಲ್ ಆರಿಸುವ ಕಿಟಕಿ ಬರುತ್ತಿಲ್ಲ, ಕೆಳಗಡೆ ಕಮಾಂಡ್ ಲೈನಿನಲ್ಲಿ ಹೆಸರು ಟೈಪ್ ಮಾಡು ಅಂತ ಕೇಳುತ್ತಿದೆ ಅಂತಿಟ್ಟುಕೊಳ್ಳಿ. ಅದು ಫೈಲ್‌ಡಯಾ ಎನ್ನುವ ವೇರಿಯೇಬಲ್ 0 ಆಗಿರುವುದು, ಅಷ್ಟೆ. ಯಾವುದೋ ಲಿಸ್ಪ್ (ಆಟೋಕ್ಯಾಡ್ ಒಳಗೆ ಓಡುವ ಸಣ್ಣ ಪ್ರೋಗ್ರಾಂ) ಅರ್ಧಕ್ಕೆ ನಿಂತಾಗ ಹೀಗಾಗುತ್ತದೆ. 1 ಕೊಟ್ಟರೆ ಮುಗಿಯಿತು. ಟೂಲ್‌ಬಾರುಗಳೆಲ್ಲ ಒಮ್ಮೆಲೇ ಮಾಯವಾದರೆ ಯಾರೋ ಕಂಟ್ರೋಲ್ ಜೊತೆ 0 ಒತ್ತಿದ್ದಾರೆ. ಕಮಾಂಡ್ ಲೈನ್ ಹೋದರೆ ಕಂಟ್ರೋಲ್ 9. ಇಂಥದ್ದಕ್ಕೆಲ್ಲ ಅರ್ಧ ದಿನ ಕೂತು ಸಾಫ್ಟ್‌ವೇರ್ ಕಿತ್ತು ಹಾಕುವವರನ್ನು ನಾನು ನೋಡಿದ್ದೇನೆ. ನೀವೂ ನೋಡಿರುತ್ತೀರಿ, ಅಲ್ವಾ?

ಆದರೆ ನನ್ನ ಸಿಟ್ಟಿಗೆ ನಿಜವಾದ ಕಾರಣ ಬೇರೆ. ತೆಗೆದು ಹಾಕುವ ನಮ್ಮ ಮಾಮೂಲಿ ರೀತಿಯಲ್ಲಿ ಹೋಗಬೇಕಾದದ್ದು ಉಳಿಯುತ್ತದೆ, ಉಳಿಯಬೇಕಾದದ್ದು ಹೋಗುತ್ತದೆ.

ಪ್ರೋಗ್ರಾಂ ಇರುವುದು ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್‌ನಲ್ಲಿ. ನೀವು ಮಾಡಿಕೊಂಡ ಸೆಟ್ಟಿಂಗ್ ಅಲ್ಲಿಲ್ಲ. ಅದು ನಿಮ್ಮ ಯೂಸರ್ ಹೆಸರಿನ ಫೋಲ್ಡರ್ ಒಳಗೆ, ಆ್ಯಪ್‌ಡೇಟಾದಲ್ಲಿ. ವಿಂಡೋಸ್ ಆ ಫೋಲ್ಡರನ್ನು ಸುಮ್ನೆ ಇದ್ದರೆ ತೋರಿಸುವುದೂ ಇಲ್ಲ, ಹಿಡನ್ ಐಟಂಗಳನ್ನು ತೋರಿಸು ಅಂತ ಟಿಕ್ ಹಾಕಬೇಕು. ಅದರೊಳಗೆ ರೋಮಿಂಗ್, ಆಟೋಡೆಸ್ಕ್, ಆಟೋಕ್ಯಾಡ್ 2024, ಆರ್ 24.3, ಇಎನ್‌ಯು ಅಂತ ಒಂದೊಂದೇ ಮೆಟ್ಟಿಲು ಇಳಿದರೆ ಸಪೋರ್ಟ್, ಪ್ಲಾಟರ್ಸ್ ಫೋಲ್ಡರುಗಳು ಸಿಗುತ್ತವೆ. ಟೆಂಪ್ಲೇಟ್ ಮಾತ್ರ ರೋಮಿಂಗ್ ಬದಲು ಲೋಕಲ್ ಕಡೆ. ಇನ್ನಷ್ಟು ಸಂಗತಿ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ, ಎಚ್‌ಕೀ ಕರೆಂಟ್ ಯೂಸರ್ ಕೆಳಗೆ.

ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದರೆ ಪ್ರೋಗ್ರಾಂ ಹೋಗುತ್ತದೆ, ಇದೆಲ್ಲ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಬಾಡಿಗೆಯವರು ಮನೆ ಖಾಲಿ ಮಾಡಿದರು, ಟ್ರಂಕು ಅಟ್ಟದ ಮೇಲೇ ಉಳಿಯಿತು ಅನ್ನುತ್ತೀವಲ್ಲ, ಹಾಗೆ. ಅದೇ ವರ್ಷನ್ ಮತ್ತೆ ಹಾಕಿದರೆ ಅದು ಹಳೆಯ ಫೋಲ್ಡರನ್ನೇ ಹುಡುಕಿಕೊಂಡು ಹೋಗುತ್ತದೆ. ಪ್ರೊಫೈಲ್ (ನಿಮ್ಮ ಸೆಟ್ಟಿಂಗುಗಳ ಕಟ್ಟು) ಕೆಟ್ಟು ಕ್ರ್ಯಾಶ್ ಆಗುತ್ತಿದ್ದರೆ ಹೊಸದಾಗಿ ಹಾಕಿದ ಮೇಲೂ ಕ್ರ್ಯಾಶ್ ಆಗುತ್ತದೆ. ಆಗ "ಕಂಪ್ಯೂಟರೇ ಸರಿ ಇಲ್ಲ" ಅಂತ ಯಾರೋ ತೀರ್ಪು ಕೊಡುತ್ತಾರೆ. ಸಿಸ್ಟಂ ನೋಡಿಕೊಳ್ಳುವ ಹುಡುಗ ಬಂದು ಫಾರ್ಮ್ಯಾಟ್ ಹೊಡೆಯುತ್ತಾನೆ. ಡಿ ಡ್ರೈವಿನ ಡ್ರಾಯಿಂಗುಗಳನ್ನು ಜೋಪಾನವಾಗಿ ಉಳಿಸುತ್ತಾನೆ, ಪಾಪ. ಆ್ಯಪ್‌ಡೇಟಾ ಅವನ ಲೆಕ್ಕಕ್ಕೇ ಇರುವುದಿಲ್ಲ. ಅಲ್ಲಿಗೆ ರೋಗದ ಜೊತೆ ನಿಮ್ಮ ವರ್ಷಗಳ ದುಡಿಮೆಯೂ ಹೋಯಿತು. ಎರಡೂ ಒಂದೇ ಫೋಲ್ಡರಿನಲ್ಲಿ ಇದ್ದವಲ್ಲ.

ಹಾಗಾಗಿ ಮೊದಲು ಬೇರೆ ಮಾಡಿಕೊಳ್ಳಬೇಕಾದದ್ದು ಯಾವುದು ಬೇಕು, ಯಾವುದು ಬೇಡ ಅನ್ನುವುದನ್ನು. ಪೂರ್ತಿ ಫೋಲ್ಡರ್ ಕಾಪಿ ಮಾಡಿ ಪೂರ್ತಿ ವಾಪಸ್ ಅಂಟಿಸಿದರೆ ಕೆಲಸ ಕೆಟ್ಟಂತೆಯೇ.

ನನ್ನ ಪಟ್ಟಿಯಲ್ಲಿ ಮೊದಲ ಜಾಗ ಸಿಟಿಬಿ ಫೈಲಿಗೆ. ಇದು ಬಣ್ಣಕ್ಕೆ ತಕ್ಕಂತೆ ಗೆರೆಯ ದಪ್ಪ ಹೇಳುವ ಫೈಲು. ನಮ್ಮಲ್ಲಿ ಕೆಂಪು ಗೆರೆ 0.18 ಮಿ.ಮೀ., ಹಳದಿ 0.25, ಕಾಲಮ್ಮಿನ ಅಂಚು 0.50, ಹ್ಯಾಚ್ (ಒಳಗೆ ತುಂಬುವ ಗೆರೆಗಳು) ಎಲ್ಲ 8ನೇ ಬಣ್ಣದಲ್ಲಿ, ಅದಕ್ಕೆ ಸ್ಕ್ರೀನಿಂಗ್ (ಶಾಯಿಯ ಗಾಢತೆ) ಅರ್ಧ. ಇದು ಹೋದರೆ ಡ್ರಾಯಿಂಗ್ ತೆರೆದಾಗ ಏನೂ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಎಲ್ಲ ಮೊದಲಿನ ಹಾಗೇ ಇರುತ್ತದೆ. ಪ್ಲಾಟ್ (ಪ್ರಿಂಟ್) ಕಿಟಕಿಯಲ್ಲಿ ಫೈಲಿನ ಹೆಸರಿನ ಜೊತೆ 'ಮಿಸ್ಸಿಂಗ್' ಅಂತ ಬಂದಿರುತ್ತದೆ, ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ. ಎ1 ಹಾಳೆ ಪ್ಲಾಟರಿನಿಂದ ಹೊರಗೆ ಬಂದಾಗ ಕಾಲಮ್ಮು, ಗೋಡೆ, ಹ್ಯಾಚ್, ಡೈಮೆನ್ಷನ್ ಎಲ್ಲದಕ್ಕೂ ಒಂದೇ ದಪ್ಪ, ಅದೂ ಬಣ್ಣಬಣ್ಣದಲ್ಲಿ. ಲೈನ್‌ವೇಟ್ ಡೀಫಾಲ್ಟ್ 0.25, ಎಲ್ಲ ಗೆರೆಗೂ ಅದೇ ಬಿದ್ದಿರುತ್ತದೆ. ಸೈಟಿನಲ್ಲಿ ಮೇಸ್ತ್ರಿ ಅದನ್ನು ಹಿಡಿದುಕೊಂಡು ಯಾವುದು ಕಾಲಮ್ಮು, ಯಾವುದು ಬ್ಲಾಕ್ ಗೋಡೆ ಅಂತ ಕೇಳುತ್ತಾರೆ. ಕೇಳಿದರೆ ಪುಣ್ಯ, ಕೇಳದೇ ಇದ್ದರೆ ಕಷ್ಟ.

ಆಮೇಲೆ ಪಿಜಿಪಿ. ಕಮಾಂಡುಗಳ ಕಿರುಹೆಸರು (ಅಲಿಯಾಸ್) ಬರೆದಿರುವ ಸಣ್ಣದೊಂದು ಟೆಕ್ಸ್ಟ್ ಫೈಲು, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಸಿ ಒತ್ತಿದರೆ ಸರ್ಕಲ್ ಬರುವುದು ಕಂಪನಿಯ ಪದ್ಧತಿ. ದಿನವಿಡೀ ಕಾಪಿ ಮಾಡುವವರು ಅದನ್ನು ಕಾಪಿಗೆ ತಿರುಗಿಸಿಕೊಂಡಿರುತ್ತಾರೆ. ಎಡಗೈ ಕೀಬೋರ್ಡಿನ ಮೇಲೆ ಓಡುವ ಅಭ್ಯಾಸ ಇದೇ ಫೈಲಿನ ಮೇಲೆ ನಿಂತಿದೆ. ಇದರಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಫೈಲಿನ ಕೊನೆಯಲ್ಲಿ ಬಳಕೆದಾರರ ಸ್ವಂತ ಅಲಿಯಾಸ್‌ಗೆ ಅಂತಲೇ ಒಂದು ಭಾಗ ಬಿಟ್ಟಿದ್ದಾರೆ. ಅಲ್ಲಿ ಬರೆದದ್ದು ಮೇಲಿನದ್ದನ್ನು ಮೀರುತ್ತದೆ. ಬದಲಾವಣೆ ಅಲ್ಲೇ ಮಾಡಿದ್ದರೆ ಆ ನಾಲ್ಕು ಸಾಲು ಎತ್ತಿ ಹೊಸ ಫೈಲಿನ ಕೊನೆಗೆ ಅಂಟಿಸಿ, ರೀಇನಿಟ್ ಕಮಾಂಡ್ ಕೊಟ್ಟರೆ ಆಯಿತು. ಮಧ್ಯ ಮಧ್ಯ ತಿದ್ದಿದ್ದರೆ ಒಂದೊಂದೇ ಹುಡುಕಬೇಕು.

ಉಳಿದವು ಬೇಗ ಹೇಳುತ್ತೇನೆ. ಟೆಂಪ್ಲೇಟ್ ಫೈಲುಗಳು, ನೀವೇ ಸೇರಿಸಿದ ಲೈನ್‌ಟೈಪ್ ಮತ್ತು ಹ್ಯಾಚ್ ಪ್ಯಾಟರ್ನ್, ಪ್ಲಾಟರಿನ ಪಿಸಿ3, ಕಸ್ಟಮ್ ಪೇಪರ್ ಸೈಜ್ ಇರುವ ಪಿಎಂಪಿ, ಟೂಲ್ ಪ್ಯಾಲೆಟ್, ಲಿಸ್ಪ್. ಆ್ಯಪ್‌ಲೋಡ್‌ನ ಸ್ಟಾರ್ಟಪ್ ಸೂಟ್‌ನಲ್ಲಿ (ಆಟೋಕ್ಯಾಡ್ ತೆರೆದಾಗ ತಾನೇ ಲೋಡ್ ಆಗುವ ಫೈಲುಗಳ ಪಟ್ಟಿ) ಏನೇನು ಹಾಕಿದ್ದೀರಿ ಅಂತ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ, ಆ ಪಟ್ಟಿ ಫೈಲುಗಳ ಜೊತೆ ಬರುವುದಿಲ್ಲ. ಲೇಯರ್, ಟೆಕ್ಸ್ಟ್ ಸ್ಟೈಲ್, ಡೈಮೆನ್ಷನ್ ಸ್ಟೈಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವು ಡ್ರಾಯಿಂಗಿನ ಒಳಗೇ ಇರುತ್ತವೆ. ಎಲ್‌ಟಿಸ್ಕೇಲ್ (ತುಂಡುಗೆರೆಗಳ ಅಳತೆ) ಕೂಡ ಹಾಗೇ.

ಇನ್ನು ತರಬಾರದ್ದು.

ಹಳೆಯ ವರ್ಷನ್ನಿನ ಆಕ್ಯಾಡ್ ಡಾಟ್ ಸಿಯುಐಎಕ್ಸ್ ಫೈಲನ್ನು ಹೊಸದರ ಮೇಲೆ ಬರೆಯಬೇಡಿ. ರಿಬ್ಬನ್ನು, ಮೆನು ಎಲ್ಲ ಅದರಲ್ಲೇ ಇರುವುದರಿಂದ ಹೊಸ ವರ್ಷನ್ನಿನ ಬಟನ್ನುಗಳು ಕಾಣದೇ ಹೋಗುತ್ತವೆ. ಸಿಯುಐ ಕಿಟಕಿಯಲ್ಲಿ ಟ್ರಾನ್ಸ್‌ಫರ್ ಅಂತ ಒಂದು ಟ್ಯಾಬ್ ಇದೆ. ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸದು ತೆರೆದು ನಿಮ್ಮ ಟೂಲ್‌ಬಾರನ್ನು ಮಾತ್ರ ಎಳೆದು ತರಬಹುದು. ಪ್ರೊಫೈಲ್ ಎಕ್ಸ್‌ಪೋರ್ಟ್ ಮಾಡಿದ ಎಆರ್‌ಜಿ ಫೈಲು ಇಟ್ಟುಕೊಳ್ಳಿ, ಆದರೆ ಕೆಟ್ಟಿದ್ದೇ ಪ್ರೊಫೈಲ್ ಅನ್ನುವ ಅನುಮಾನ ಇದ್ದರೆ ಅದನ್ನು ವಾಪಸ್ ಹಾಕಬೇಡಿ. ನೋಡಿ ಬರೆದುಕೊಳ್ಳಲಿಕ್ಕೆ ಅಷ್ಟೇ ಅದು.

ಲಿಸ್ಪ್ ಫೈಲುಗಳನ್ನು ತೆರೆದು ನೋಡದೆ ತರಲೇಬೇಡಿ. ಆಟೋಕ್ಯಾಡ್‌ಗೂ ವೈರಸ್ ಇದೆ ಅಂದರೆ ಈಗಲೂ ನಗುವವರಿದ್ದಾರೆ. 2012ರಲ್ಲಿ ಆ್ಯಂಟಿವೈರಸ್ ಮಾಡುವ ಇಸೆಟ್ ಕಂಪನಿಯವರು ಮೆಡ್ರೆ ಎನ್ನುವ ವರ್ಮ್ ಪತ್ತೆ ಮಾಡಿದರು. ಆಟೋಲಿಸ್ಪ್‌ನಲ್ಲೇ ಬರೆದದ್ದು. ತೆರೆದ ಡ್ರಾಯಿಂಗುಗಳನ್ನು ಸದ್ದಿಲ್ಲದೆ ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿತ್ತು. ಜಾಸ್ತಿ ಪೆಟ್ಟು ಬಿದ್ದದ್ದು ಪೆರು ದೇಶಕ್ಕೆ. ಇಂಥವು ಆಕ್ಯಾಡ್ ಡಾಟ್ ಎಲ್‌ಎಸ್‌ಪಿ, ಆಕ್ಯಾಡ್‌ಡಾಕ್ ಡಾಟ್ ಎಲ್‌ಎಸ್‌ಪಿ, ಆಕ್ಯಾಡ್ ಡಾಟ್ ಎಫ್‌ಎಎಸ್ ಅನ್ನುವ ಹೆಸರಿನಲ್ಲಿ ಡ್ರಾಯಿಂಗ್ ಇರುವ ಫೋಲ್ಡರಿನಲ್ಲೇ ಕೂತಿರುತ್ತವೆ. ಸಾಫ್ಟ್‌ವೇರ್ ತೆಗೆದು ಹಾಕಿದರೂ ಅವಕ್ಕೆ ಏನೂ ಆಗುವುದಿಲ್ಲ. ಹೊಸ ಆಟೋಕ್ಯಾಡಿನಲ್ಲಿ ಹಳೆಯ ಫೋಲ್ಡರಿನ ಡ್ರಾಯಿಂಗ್ ತೆರೆದ ಕೂಡಲೇ ಮತ್ತೆ ಒಳಗೆ ಬರಲು ನೋಡುತ್ತವೆ. 2014ರ ವರ್ಷನ್ನಿನಲ್ಲಿ ಬಂದ ಸೆಕ್ಯೂರ್‌ಲೋಡ್ ಇದಕ್ಕಾಗಿಯೇ. "ಈ ಫೈಲ್ ಲೋಡ್ ಮಾಡಲಾ?" ಅಂತ ಅದು ಪದೇ ಪದೇ ಕೇಳುತ್ತದೆ ಅಂತ ಬೇಜಾರಾಗಿ ಅದನ್ನು 0 ಮಾಡಿಡುವವರು ಜಾಸ್ತಿ. ದಯವಿಟ್ಟು ಬೇಡ. ನಿಮ್ಮ ಲಿಸ್ಪ್ ಇರುವ ಫೋಲ್ಡರನ್ನು ಟ್ರಸ್ಟೆಡ್ ಪಾತ್‌ಗೆ ಸೇರಿಸಿ, ಕೇಳುವುದು ನಿಲ್ಲುತ್ತದೆ.

ಇಷ್ಟಾದ ಮೇಲೂ ನೇರ ಅನ್‌ಇನ್‌ಸ್ಟಾಲ್‌ಗೆ ಹೋಗಬೇಡಿ. ಸ್ಟಾರ್ಟ್ ಮೆನುವಿನಲ್ಲಿ ಆಟೋಕ್ಯಾಡ್ ಫೋಲ್ಡರ್ ಬಿಚ್ಚಿದರೆ 'ರೀಸೆಟ್ ಸೆಟ್ಟಿಂಗ್ಸ್ ಟು ಡೀಫಾಲ್ಟ್' ಅಂತ ಒಂದಿದೆ. ಅದು ಬೇಕಿದ್ದರೆ ಮೊದಲು ಬ್ಯಾಕಪ್ ಜಿಪ್ ಮಾಡಿಕೊಂಡು, ಆಮೇಲೆ ಸೆಟ್ಟಿಂಗ್ ಎಲ್ಲ ಕಂಪನಿಯಿಂದ ಬಂದ ಹಾಗೆ ಮಾಡುತ್ತದೆ. ಕೆಟ್ಟಿರುವುದು ಸೆಟ್ಟಿಂಗ್ ಆದರೆ ಇಷ್ಟೇ ಸಾಕು. ಪ್ರೋಗ್ರಾಂ ಫೈಲೇ ಕೆಟ್ಟಿದ್ದರೆ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ರಿಪೇರ್ ಇದೆ. ಈ ಎರಡೂ ಕೈಕೊಟ್ಟರೆ ಮಾತ್ರ ಕಿತ್ತು ಹಾಕುವ ಮಾತು.

ಅದೇ ಸ್ಟಾರ್ಟ್ ಮೆನುವಿನಲ್ಲಿ ಸೆಟ್ಟಿಂಗ್ ಎಕ್ಸ್‌ಪೋರ್ಟ್, ಇಂಪೋರ್ಟ್ ಕೂಡ ಇದೆ. ಹೊಸ ಕಂಪ್ಯೂಟರಿಗೆ ಹೋಗುವಾಗ ಒಳ್ಳೆಯದು. ಆದರೆ ತೊಂದರೆ ಬಂದು ರೀಇನ್‌ಸ್ಟಾಲ್ ಮಾಡುವಾಗ ನಾನು ಅದನ್ನು ಮುಟ್ಟುವುದಿಲ್ಲ. ಎಲ್ಲ ಕಟ್ಟಿ ಒಂದೇ ಮೂಟೆ ಕೊಡುತ್ತದೆ, ಒಳಗೆ ರೋಗವೂ ಇರಬಹುದು. ಈ ವಿಷಯದಲ್ಲಿ ಇನ್ನೊಂದು ಡಿಸೈನ್ ಸಾಫ್ಟ್‌ವೇರ್ ಆದ ಸಾಲಿಡ್‌ವರ್ಕ್ಸ್‌ನವರ ಕಾಪಿ ಸೆಟ್ಟಿಂಗ್ಸ್ ವಿಝಾರ್ಡ್ ನನಗೆ ಇಷ್ಟ. ಕೀಬೋರ್ಡ್ ಶಾರ್ಟ್‌ಕಟ್ ಬೇಕಾ, ಟೂಲ್‌ಬಾರ್ ಬೇಕಾ, ಸಿಸ್ಟಂ ಆಪ್ಷನ್ ಬೇಕಾ ಅಂತ ಒಂದೊಂದಕ್ಕೂ ಬೇರೆ ಟಿಕ್ ಇದೆ.

ಸರಿ, ಕೀಳಲೇಬೇಕಾಯಿತು ಅಂತಿಟ್ಟುಕೊಳ್ಳಿ. ಇನ್‌ಸ್ಟಾಲರ್ ಕೈಯಲ್ಲಿದೆಯಾ, ಲಾಗಿನ್ ಯಾರ ಹೆಸರಿನಲ್ಲಿದೆ ಅನ್ನುವುದು ಮೊದಲ ಪ್ರಶ್ನೆ. ಆಟೋಡೆಸ್ಕ್ ಚಂದಾದಾರರಿಗೆ ಈಗಿನದ್ದು ಮತ್ತು ಹಿಂದಿನ ಮೂರು ವರ್ಷನ್ ಮಾತ್ರ ಕೊಡುತ್ತದೆ. ಅದಕ್ಕಿಂತ ಹಳೆಯದು ತೆಗೆದಿರಿ, ಇನ್‌ಸ್ಟಾಲರ್ ಇಟ್ಟಿಲ್ಲ ಅಂದರೆ ಮುಗಿಯಿತು. 2016ಕ್ಕೆ ಮುಂಚೆ ಶಾಶ್ವತ ಲೈಸೆನ್ಸ್ ಕೊಂಡು ಇನ್ನೂ ಅದರಲ್ಲೇ ಕೆಲಸ ಮಾಡುವ ಸಣ್ಣ ಆಫೀಸುಗಳು ಸೀರಿಯಲ್ ನಂಬರ್, ಪ್ರಾಡಕ್ಟ್ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡೇ ಕೈ ಹಾಕಬೇಕು.

ಅನ್‌ಇನ್‌ಸ್ಟಾಲ್ ಆದ ಮೇಲೆ ಉಳಿದ ಫೋಲ್ಡರನ್ನು ಡಿಲೀಟ್ ಮಾಡಬೇಡಿ, ಹೆಸರು ಬದಲಾಯಿಸಿ. ಕೊನೆಗೆ 'ಹಳೇದು' ಅಂತ ಸೇರಿಸಿದರೂ ನಡೆಯುತ್ತದೆ. ರೋಮಿಂಗ್, ಲೋಕಲ್ ಎರಡರಲ್ಲೂ. ರಿಜಿಸ್ಟ್ರಿಯಲ್ಲಿ ಆ ವರ್ಷನ್ನಿನ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟು ಆಮೇಲೆ ಅಳಿಸಿ. ಫೋಲ್ಡರ್ ಮಾತ್ರ ಸರಿಸಿ ರಿಜಿಸ್ಟ್ರಿ ಹಾಗೇ ಬಿಟ್ಟರೆ, ಇಲ್ಲದ ಫೈಲುಗಳನ್ನು ಹುಡುಕುತ್ತಾ ಅದು ಹೊಸ ತಕರಾರು ತೆಗೆಯುತ್ತದೆ. ಅದೇ ಕಂಪ್ಯೂಟರಿನಲ್ಲಿ ಅದೇ ಕಂಪನಿಯ ರೆವಿಟ್ಟೋ ಸಿವಿಲ್ 3ಡಿಯೋ ಇದ್ದರೆ ಇಡೀ ಆಟೋಡೆಸ್ಕ್ ಫೋಲ್ಡರಿಗೆ ಕೈ ಹಚ್ಚಬೇಡಿ. ಪಟ್ಟಿಯಲ್ಲಿ ಕಾಣುವ ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ ಸಾಲುಗಳನ್ನೂ "ಇವೆಲ್ಲ ಯಾಕೆ" ಅಂತ ತೆಗೆಯಬೇಡಿ, ಬೇರೆ ಸಾಫ್ಟ್‌ವೇರುಗಳು ಅದರ ಮೇಲೆ ನಿಂತಿರುತ್ತವೆ.

ಹೊಸದಾಗಿ ಹಾಕಿದ ಮೇಲೆ ಒಂದು ಹೊತ್ತು ಖಾಲಿಯಾಗಿಯೇ ಓಡಿಸಿ. ಯಾವುದನ್ನೂ ವಾಪಸ್ ಹಾಕಬೇಡಿ. ಮೊದಲು ಕ್ರ್ಯಾಶ್ ಆಗುತ್ತಿದ್ದ ಅದೇ ಡ್ರಾಯಿಂಗನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿ ತೆರೆಯಿರಿ. ಈಗಲೂ ಬಿದ್ದರೆ ದೋಷ ಡ್ರಾಯಿಂಗಿನದ್ದೋ ಗ್ರಾಫಿಕ್ಸ್ ಡ್ರೈವರಿನದ್ದೋ ಇರಬೇಕು. ಬೀಳದಿದ್ದರೆ ಸಿಟಿಬಿ ಹಾಕಿ, ನೋಡಿ. ಪಿಜಿಪಿ ಹಾಕಿ, ನೋಡಿ. ಲಿಸ್ಪ್ ಒಂದೊಂದೇ. ನಿಧಾನದ ಕೆಲಸ ನಿಜ, ಆದರೆ ಕಳ್ಳ ಸಿಗುವುದು ಹೀಗೇ.

ಇದನ್ನೆಲ್ಲ ಓದಿ "ಇಷ್ಟು ಹೊತ್ತು ಯಾರು ಕೊಡುತ್ತಾರೆ" ಅನ್ನುತ್ತೀರಿ. ನನ್ನ ತಕರಾರು ಇರುವುದೂ ಅಲ್ಲೇ. ಆಫೀಸುಗಳು ಡ್ರಾಯಿಂಗಿಗೆ ಬ್ಯಾಕಪ್ ಮಾಡುತ್ತವೆ, ಸೆಟ್ಟಿಂಗಿಗೆ ಮಾಡುವುದಿಲ್ಲ. ಅದು ಡ್ರಾಫ್ಟ್ಸ್‌ಮನ್ ಖಾಸಗಿ ವ್ಯವಹಾರ ಅನ್ನುವ ಹಾಗೆ ನೋಡುತ್ತವೆ. ಹುಡುಗ ಕೆಲಸ ಬಿಟ್ಟ ದಿನ ಅವನ ಲಾಗಿನ್ ಅಳಿಸುತ್ತಾರೆ. ಮುಂದಿನ ತಿಂಗಳು ಹಳೆಯ ಪ್ರಾಜೆಕ್ಟಿನ ರಿವಿಷನ್ ಪ್ಲಾಟ್ ಕೊಡುವಾಗ ಸಿಟಿಬಿ ಎಲ್ಲಿ ಅಂತ ಹುಡುಕುತ್ತಾರೆ. ನನ್ನ ಪ್ರಕಾರ ಸಿಟಿಬಿ, ಟೆಂಪ್ಲೇಟ್, ಲೈನ್‌ಟೈಪ್, ಟೈಟಲ್ ಬ್ಲಾಕ್ ಆಫೀಸಿನ ಆಸ್ತಿ. ಅವು ಸರ್ವರಿನಲ್ಲಿರಬೇಕು, ಆಪ್ಷನ್ಸ್‌ನಲ್ಲಿ ಫೈಲ್ಸ್ ಟ್ಯಾಬಿಗೆ ಹೋಗಿ ಎಲ್ಲರ ಕಂಪ್ಯೂಟರಿನ ದಾರಿಯನ್ನೂ ಅಲ್ಲಿಗೆ ತೋರಿಸಬೇಕು. ಪಿಜಿಪಿ ಮಾತ್ರ ಆಯಾ ಮನುಷ್ಯನ ಬೆರಳಿನದ್ದು. ಅದನ್ನು ಅವನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋದರೆ ಕಳ್ಳತನ ಅನ್ನಬೇಡಿ. ಹೀಗೆ ಇಟ್ಟ ಆಫೀಸಿನಲ್ಲಿ ಯಾವ ಹೊತ್ತಿಗೆ ಸಾಫ್ಟ್‌ವೇರ್ ಕಿತ್ತರೂ ಯಾರಿಗೂ ಭಯವಿಲ್ಲ.

ಕನ್ನಡದಲ್ಲಿ ಟೈಟಲ್ ಬ್ಲಾಕ್ ಬರೆಯುವವರಿಗೆ ಇನ್ನೊಂದು ಮಾತು. ಪಂಚಾಯಿತಿ ಕೆಲಸ, ಸರ್ವೆ ನಕ್ಷೆ ಮಾಡುವ ಕಡೆ ಈಗಲೂ ಹಳೆಯ ನುಡಿ ಫಾಂಟುಗಳೇ ಓಡುತ್ತಿವೆ. ಅವು ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ಗ್ರಾಮ ಪಂಚಾಯಿತಿ' ಇದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆ ಬಂದು ಕೂರುತ್ತವೆ. ಫಾರ್ಮ್ಯಾಟ್ ಆದ ಮೇಲೆ ಡ್ರಾಯಿಂಗ್ ಕೆಟ್ಟಿತು ಅಂತ ಗಾಬರಿಯಾಗಿ ಮತ್ತೆ ಟೈಪ್ ಮಾಡಲು ಕೂರಬೇಡಿ, ಫಾಂಟ್ ಹಾಕಿದರೆ ಎಲ್ಲ ವಾಪಸ್ ಬರುತ್ತದೆ. ಹಾಕುವಾಗ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ. ಬರೀ ಇನ್‌ಸ್ಟಾಲ್ ಅಂದರೆ ಅದೂ ಹೋಗಿ ಆ್ಯಪ್‌ಡೇಟಾದಲ್ಲೇ ಕೂರುತ್ತದೆ. ಮುಗಿದ ಕೆಲಸವೊಂದನ್ನು, ಅದರ ಜೊತೆಯ ಫೈಲುಗಳನ್ನೂ ಸೇರಿಸಿ ಕಟ್ಟುವ ಇ-ಟ್ರಾನ್ಸ್‌ಮಿಟ್ ಮಾಡಿ, ಇನ್‌ಕ್ಲೂಡ್ ಫಾಂಟ್ಸ್‌ಗೆ ಟಿಕ್ ಹಾಕಿ ಜಿಪ್ ಇಟ್ಟುಕೊಂಡಿದ್ದರಂತೂ ಫಾಂಟ್, ಸಿಟಿಬಿ, ಎಕ್ಸ್‌ರೆಫ್ (ಜೋಡಿಸಿದ ಬೇರೆ ಡ್ರಾಯಿಂಗುಗಳು) ಮೂರೂ ಅದರಲ್ಲೇ ಸಿಗುತ್ತವೆ. ಈ ವಾರ ಬಿಲ್ ಆಗುವ ಯಾವುದಾದರೂ ಡ್ರಾಯಿಂಗಿಗೆ ಮಾಡಿಡಿ.