ಮುಖ್ಯರಸ್ತೆಯಲ್ಲಿ ಸೈಕಲ್ಲಿಗೆ ಬೇರೆ ಪಥ ಬೇಕೆ?

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್ನಿನವರೆಗೆ ಸುಮಾರು 17 ಕಿಲೋಮೀಟರ್ ಉದ್ದಕ್ಕೆ ಸೈಕಲ್ ಸವಾರರಿಗೆಂದೇ ಒಂದು ತಾತ್ಕಾಲಿಕ ಪಥ ರೂಪಿಸುವ ಕೆಲಸವನ್ನು ನಗರ ಭೂಸಾರಿಗೆ ನಿರ್ದೇಶನಾಲಯ 2020ರಲ್ಲಿ ಕೈಗೆತ್ತಿಕೊಂಡಿತ್ತು. ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಆ ಪಥ ಉಳಿಯಲಿಲ್ಲ. ಮೆಟ್ರೊ ಕೆಲಸ ಮುಗಿದ ಮೇಲೆ ಆ ರಸ್ತೆಯನ್ನು ಹೇಗೂ ಸರಿಪಡಿಸಬೇಕಾಗುತ್ತದೆ. ಆಗ ಸೈಕಲ್ಲಿಗೆ ಕಾಯಂ ಆಗಿ ಬೇರೆ ದಾರಿ ಬಿಡಬೇಕೆ, ಇಲ್ಲವೆ ಎಲ್ಲ ವಾಹನಗಳೂ ಒಂದೇ ರಸ್ತೆಯನ್ನು ಹಂಚಿಕೊಂಡು ಸಾಗುವ ಏರ್ಪಾಡೇ ಲೇಸೆ? ಎರಡು ನಿಲುವುಗಳು ಇಲ್ಲಿವೆ.

ಪರ: ಬಣ್ಣದ ಗೆರೆ ಸಾಲದು, ಕಟ್ಟೆ ಕಟ್ಟಿ ದಾರಿ ಬಿಡಿ

ಸೈಕಲ್ ಸವಾರರಿಗೂ ಮೋಟಾರು ವಾಹನ ಚಾಲಕರಿಗೂ ದಿನವೂ ನಡೆಯುವ ತಕರಾರನ್ನು ಎರಡು ಗುಂಪುಗಳ ನಡವಳಿಕೆಯ ದೋಷವೆಂದು ನೋಡುವುದು ವಾಡಿಕೆಯಾಗಿಬಿಟ್ಟಿದೆ. ಇವರು ಅವರಿಗೆ ಶಿಸ್ತಿಲ್ಲ ಎನ್ನುತ್ತಾರೆ, ಅವರು ಇವರಿಗೆ ಕರುಣೆಯಿಲ್ಲ ಎನ್ನುತ್ತಾರೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಾಗುವ, ಸವಾರನೂ ಸೇರಿ ಸಾಮಾನ್ಯವಾಗಿ ನೂರು ಕಿಲೋ ದಾಟದ ಸೈಕಲ್ಲನ್ನು 60 ಕಿಲೋಮೀಟರ್ ವೇಗದಲ್ಲಿ ಬರುವ, ಟನ್ನುಗಟ್ಟಲೆ ತೂಗುವ ವಾಹನದ ಮುಂದೆ ಬಿಟ್ಟ ಮೇಲೆ ಇಬ್ಬರೂ ಎಷ್ಟೇ ಸಜ್ಜನರಾಗಿದ್ದರೂ ಗಾಬರಿ ತಪ್ಪುವುದಿಲ್ಲ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ನಮ್ಮ ರಸ್ತೆಗಳ ವಿನ್ಯಾಸದಲ್ಲಿ ಮಾತ್ರ ಅದಕ್ಕೆ ಜಾಗ ಸಿಕ್ಕಿಲ್ಲ.

ಸೈಕಲ್ಲಿನವರು ಎಡಕ್ಕೆ ಸರಿದು ಹೋಗಬಾರದೇಕೆ ಎಂದು ಕೇಳುವವರು ರಸ್ತೆಯ ಎಡತುದಿ ಹೇಗಿದೆಯೆಂದು ಒಮ್ಮೆ ಇಳಿದು ನೋಡಬೇಕು. ಡಾಂಬರು ಮುಗಿದು ಮೋರಿಯ ಸಿಮೆಂಟು ಶುರುವಾಗುವಲ್ಲಿ ಎರಡು ಮೂರು ಬೆರಳಿನಷ್ಟು ಏರುಪೇರು ಇರುತ್ತದೆ. ಮಳೆನೀರು ಇಳಿಯಲೆಂದು ಕೂರಿಸಿದ ಕಬ್ಬಿಣದ ಜಾಲರಿಯ ಸಂದುಗಳು ಎಷ್ಟೋ ಕಡೆ ರಸ್ತೆಯ ದಿಕ್ಕಿನಲ್ಲೇ ಇರುವುದರಿಂದ ಸೈಕಲ್ಲಿನ ಸಣ್ಣ ಚಕ್ರ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಗುಡಿಸಿ ಬಿಟ್ಟ ಮಣ್ಣು, ಜಲ್ಲಿ, ಗಾಜಿನ ಚೂರು ಅಲ್ಲೇ ಸೇರಿರುತ್ತವೆ. ಅದನ್ನು ದಾಟಿದರೆ ನಿಂತ ಕಾರುಗಳ ಸಾಲು, ಅದರಲ್ಲಿ ಯಾವ ಬಾಗಿಲು ಯಾವಾಗ ತೆರೆದೀತೆಂದು ಹೇಳಲಾಗದು. ಇವೆಲ್ಲದರಿಂದ ತಪ್ಪಿಸಿಕೊಳ್ಳಲು ಸವಾರ ಒಂದು ಮಾರು ಬಲಕ್ಕೆ ಬರುತ್ತಾನೆ. ಹಿಂದಿನಿಂದ ಬರುವ ಕಾರಿನವನಿಗೆ ಜಾಲರಿಯೂ ಕಾಣುವುದಿಲ್ಲ, ಜಲ್ಲಿಯೂ ಕಾಣುವುದಿಲ್ಲ. ಸೈಕಲ್ಲು ಇದ್ದಕ್ಕಿದ್ದಂತೆ ಅಡ್ಡ ಬಂದಿತೆಂಬುದಷ್ಟೇ ಅವನಿಗೆ ಕಾಣುತ್ತದೆ. ಹಾರನ್ ಬಾರಿಸುತ್ತಾನೆ. ಸವಾರ ಬೆಚ್ಚುತ್ತಾನೆ. ಇಬ್ಬರೂ ತಮ್ಮದೇ ಸರಿ ಎಂದು ನಂಬಿ ಮನೆ ಸೇರುತ್ತಾರೆ, ಮತ್ತು ಅವರವರು ಕಂಡಷ್ಟರ ಮಟ್ಟಿಗೆ ಇಬ್ಬರೂ ಸರಿಯೇ. ಈ ಜಗಳವನ್ನು ಅರಿವು ಮೂಡಿಸುವ ಫಲಕಗಳಿಂದ ಬಗೆಹರಿಸಲು ಸಾಧ್ಯವೆಂದು ನನಗೆ ಅನಿಸುವುದಿಲ್ಲ.

ಸೈಕಲ್ ಎಂದರೆ ಹೆಲ್ಮೆಟ್ ತೊಟ್ಟು ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರ ಹವ್ಯಾಸ ಎಂಬ ಭಾವನೆಯೂ ಈ ಚರ್ಚೆಗೆ ಅಡ್ಡಿಯಾಗಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕೃಷಿ ಮತ್ತು ಗೃಹ ಕೈಗಾರಿಕೆಯನ್ನು ಬಿಟ್ಟು ಬೇರೆ ಕೆಲಸಗಳಿಗೆ ಹೋಗುವವರಲ್ಲಿ ಸುಮಾರು 2.6 ಕೋಟಿ ಜನ ಸೈಕಲ್ ತುಳಿದೇ ಹೋಗುತ್ತಿದ್ದರು. ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಕಟ್ಟಡ ಕೆಲಸದ ಮೇಸ್ತ್ರಿಗಳು, ಕ್ಯಾರಿಯರ್ ಮೇಲೆ ಕ್ಯಾನು ಕಟ್ಟಿಕೊಂಡು ಟೀ ಮಾರುವವರು, ಹೋಟೆಲಿನ ಹುಡುಗರು ಬೆಂಗಳೂರಿನಲ್ಲಿ ಇಂದಿಗೂ ಸೈಕಲ್ ತುಳಿಯುತ್ತಾರೆ. ಬಸ್ ಇಲ್ಲದ ಹೊತ್ತಿನಲ್ಲಿ ಹೊರಡಬೇಕಾದವರು, ಆಟೊಗೆ ಕೊಡಲು ಕಾಸಿಲ್ಲದವರು ಇವರು. ಕರ್ನಾಟಕ ಸರ್ಕಾರವೇ 2006–07ರಿಂದ ಹಲವು ವರ್ಷ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು; ಲಕ್ಷಾಂತರ ಹೆಣ್ಣುಮಕ್ಕಳು ಅದನ್ನೇರಿ ಹೈಸ್ಕೂಲಿಗೆ ಹೋದರು. ಸೈಕಲ್ ಕೊಟ್ಟ ಸರ್ಕಾರ ಅದನ್ನು ತುಳಿಯಲು ದಾರಿಯನ್ನೂ ಕೊಡಬೇಕಿತ್ತು ಎನ್ನುವುದು ಅತಿಯಾಸೆಯಲ್ಲ.

ಬೇರೆ ಪಥ ನಮ್ಮಲ್ಲಿ ವಿಫಲವಾಗಿದೆ ಎನ್ನುವವರು ಜಯನಗರದ ಉದಾಹರಣೆ ಕೊಡುತ್ತಾರೆ. ಅಲ್ಲಿ ಹಲವು ವರ್ಷಗಳ ಹಿಂದೆ ರಸ್ತೆಯ ಅಂಚಿಗೆ ಸೈಕಲ್ ಪಥ ಗುರುತು ಮಾಡಲಾಗಿತ್ತು, ಬರಬರುತ್ತಾ ಅದು ವಾಹನ ನಿಲ್ಲಿಸುವ ಜಾಗವಾಯಿತು. ಇದು ನಿಜ. ಹಾಗಾದದ್ದು ಬಣ್ಣದ ಗೆರೆಯನ್ನೇ ರಕ್ಷಣೆಯೆಂದು ನಂಬಿದ್ದರಿಂದ. ಗೆರೆಯನ್ನು ಯಾವ ಗಾಲಿಯೂ ದಾಟುತ್ತದೆ. ಮುಂಗೈ ಎತ್ತರದ ಕಾಂಕ್ರೀಟ್ ಕಟ್ಟೆಯನ್ನು ಕಾರು ಸುಲಭವಾಗಿ ದಾಟಲಾರದು. ನೆದರ್ಲೆಂಡ್ಸ್‌ನ ಅನುಭವವೂ ಇದನ್ನೇ ಹೇಳುತ್ತದೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಂದೆತಾಯಿಯರು ಬೀದಿಗಿಳಿದರು. ಮೊದಲು ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಒಂದೊಂದು ಮಾರ್ಗವನ್ನು ಕಟ್ಟಿದರು. ಒಂಟಿ ಮಾರ್ಗದಿಂದ ಹೆಚ್ಚಿನ ಜನ ಸೈಕಲ್ಲಿಗೆ ಬರಲಿಲ್ಲ. 1980ರ ದಶಕದಲ್ಲಿ ಡೆಲ್ಫ್ಟ್ ನಗರದಲ್ಲಿ ಮನೆಯಿಂದ ಶಾಲೆಯವರೆಗೂ ಕೂಡಿಕೊಂಡ ಜಾಲ ಕಟ್ಟಿದಾಗ ಫಲ ಕಂಡಿತು. ಸೈಕಲ್ಲಿಗೆ ಹೆಸರಾದ ಆ ದೇಶ ಹುಟ್ಟಿನಿಂದ ಹಾಗಿರಲಿಲ್ಲ, ಜಗಳ ಮಾಡಿ ಹಾಗಾಯಿತು.

ಇನ್ನು ಜಾಗ ಎಲ್ಲಿದೆ ಎಂಬ ಪ್ರಶ್ನೆ. ನಗರಗಳ ವಾಹನ ದಟ್ಟಣೆಯನ್ನು ಅಳೆಯುವ ಟಾಮ್‌ಟಾಮ್ ಸೂಚ್ಯಂಕದ 2023ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡು ಭಾಗದಲ್ಲಿ ಕಾರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 28 ನಿಮಿಷ ಬೇಕಾಗಿತ್ತು. ಆತುರವಿಲ್ಲದೆ ಸೈಕಲ್ ತುಳಿಯುವವರಿಗೆ ಅದೇ ದೂರಕ್ಕೆ ಇನ್ನೊಂದು ಹತ್ತು ಹನ್ನೆರಡು ನಿಮಿಷ ಹೆಚ್ಚು ಹಿಡಿದೀತು. ಇಷ್ಟು ಸಣ್ಣ ಅಂತರಕ್ಕಾಗಿ ರಸ್ತೆಯ ಅಗಲವನ್ನೆಲ್ಲ ಕಾರು, ಬೈಕುಗಳಿಗೇ ಬರೆದುಕೊಡಬೇಕೆ? ಹೊರ ವರ್ತುಲ ರಸ್ತೆಯಲ್ಲಿ ಮುಖ್ಯ ರಸ್ತೆಯ ಜೊತೆಗೆ ಸರ್ವಿಸ್ ರಸ್ತೆಯೂ ಇದೆ. ಬೆಳ್ಳಂದೂರು, ಮಾರತ್ತಹಳ್ಳಿಯ ಕಚೇರಿಗಳಿಗೆ ಐದಾರು ಕಿಲೋಮೀಟರ್ ದೂರದಿಂದ ಬರುವವರು ಎಷ್ಟೋ ಜನರಿದ್ದಾರೆ. ಅವರು ಇಂದು ಕಾರನ್ನೋ ಬೈಕನ್ನೋ ತರುವುದು ಸೈಕಲ್ ಇಷ್ಟವಿಲ್ಲದೆ ಅಲ್ಲ, ಜೀವಭಯದಿಂದ. ಮೆಟ್ರೊ ಕಂಬಗಳ ಸುತ್ತ ರಸ್ತೆಯನ್ನು ಮರಳಿ ಕಟ್ಟುವಾಗ ಕಟ್ಟೆಯೂ ಸೇರಿ ಎರಡೂವರೆ ಮೀಟರ್ ಬಿಟ್ಟರೆ ಸಾಕು. ಆಗ ಬಿಡದಿದ್ದರೆ ಇನ್ನೊಂದು ತಲೆಮಾರಿನವರೆಗೆ ಯಾರೂ ಆ ರಸ್ತೆಯನ್ನು ಮುಟ್ಟಲಾರರು.

ವಿರೋಧ: ಸೈಕಲ್ಲನ್ನು ಮೂಲೆಗೆ ಸರಿಸಬೇಡಿ, ವೇಗವನ್ನು ತಗ್ಗಿಸಿ

ಸೈಕಲ್ ಸವಾರರ ಜೀವಕ್ಕೆ ಬೆಲೆಯಿದೆ ಎಂಬುದರಲ್ಲಿ ನನಗೂ ತಕರಾರಿಲ್ಲ. ನಾನು ಕಾರು ಓಡಿಸುವವನಾದರೂ ಕಾರಿಗೆ ಜಾಗ ಕಡಿಮೆಯಾಗುತ್ತದೆಂಬ ಕಾರಣಕ್ಕೆ ಈ ಮಾತು ಹೇಳುತ್ತಿಲ್ಲ. ಬೇರೆ ಪಥದ ಬೇಡಿಕೆ ಸೈಕಲ್ಲಿನವರಿಗೇ ಕಡೆಗೆ ಮುಳುವಾದೀತೆಂಬುದು ನನ್ನ ಆತಂಕ.

ಪಥ ಕಟ್ಟಿದ ಮರುದಿನವೇ ಉಳಿದ ರಸ್ತೆ ತನ್ನದು ಎಂಬ ಭಾವನೆ ಚಾಲಕನಲ್ಲಿ ಮೂಡುತ್ತದೆ. ಪಥವಿರುವ ರಸ್ತೆಯಲ್ಲಿ ಅದರೊಳಗೆ ನೀರು ನಿಂತಿದೆಯೆಂದೋ ಮರಳು ಸುರಿದಿದೆಯೆಂದೋ ಹೊರಬಂದ ಸವಾರ ಅತಿಕ್ರಮಣ ಮಾಡಿದವನಂತೆ ಕಾಣುತ್ತಾನೆ. ಪಥವಿಲ್ಲದ ರಸ್ತೆಯಲ್ಲಂತೂ ಅವನಿಗೆ ಏನು ಕೆಲಸವೆಂಬ ಮಾತು ಬರುತ್ತದೆ. ಬೆಂಗಳೂರಿನ ರಸ್ತೆಗಳ ಒಟ್ಟು ಉದ್ದ ಹತ್ತು ಸಾವಿರ ಕಿಲೋಮೀಟರಿಗೂ ಮಿಕ್ಕಿದೆ. ಅದರಲ್ಲಿ 17 ಕಿಲೋಮೀಟರಿಗೆ, ಹೆಚ್ಚೆಂದರೆ ಇನ್ನೂರು ಕಿಲೋಮೀಟರಿಗೆ ಕಟ್ಟೆ ಕಟ್ಟಿಸಿ ಮಿಕ್ಕ ಕಡೆಯೆಲ್ಲ ಸೈಕಲ್ಲಿನ ಹಕ್ಕನ್ನು ಬಿಟ್ಟುಕೊಡುವುದು ಬುದ್ಧಿವಂತಿಕೆಯ ಚೌಕಾಸಿಯಲ್ಲ.

ಇದು ಊಹೆಯ ಭಯವಲ್ಲ. ಕೋಲ್ಕತ್ತದಲ್ಲಿ 2013ರಲ್ಲಿ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದರು. ವಾಹನ ದಟ್ಟಣೆಗೆ ಅಡ್ಡಿಯಾಗುತ್ತದೆಂಬುದೇ ಕಾರಣ. ಹಾಲು ಹಾಕುವವರು, ಸಣ್ಣ ವ್ಯಾಪಾರಿಗಳು ದಂಡ ತೆತ್ತರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ 138(1ಎ) ಕಲಮು ಮೋಟಾರುರಹಿತ ವಾಹನಗಳೂ ಪಾದಚಾರಿಗಳೂ ಸಾರ್ವಜನಿಕ ಸ್ಥಳಗಳಲ್ಲಿ ಓಡಾಡುವುದನ್ನು ನಿಯಂತ್ರಿಸುವ ನಿಯಮ ಮಾಡಲು ರಾಜ್ಯ ಸರ್ಕಾರಗಳಿಗೆ ಅಧಿಕಾರ ಕೊಟ್ಟಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರುರಹಿತ ವಾಹನಗಳನ್ನೂ ಹೊರಗಿಟ್ಟಾಗ, ನಿಮಗೆ ಸರ್ವಿಸ್ ರಸ್ತೆ ಇದೆಯಲ್ಲ ಎಂಬುದೇ ಸಮರ್ಥನೆಯಾಗಿತ್ತು. ಹೆದ್ದಾರಿಯಲ್ಲಿ ಅದಕ್ಕೆ ಅರ್ಥವಿರಬಹುದು. ನಗರದೊಳಗೂ ಅದೇ ಮಾತು ಬಂದರೆ ಆಗ ತಡೆಯುವವರಾರು?

ಕಟ್ಟೆ ಅಪಘಾತವನ್ನು ತಡೆಯುತ್ತದೆಂಬ ವಾದವೂ ಅರ್ಧ ಮಾತ್ರ ನಿಜ. ಡಿಕ್ಕಿಯ ಭಯ ಹೆಚ್ಚಿರುವುದು ಕೂಡುರಸ್ತೆಗಳಲ್ಲಿ ಮತ್ತು ತಿರುವುಗಳಲ್ಲಿ, ಮತ್ತು ಅಲ್ಲಿ ಕಟ್ಟೆ ನಿಂತುಹೋಗಲೇಬೇಕು. ನಮ್ಮ ಮುಖ್ಯರಸ್ತೆಗಳಲ್ಲಿ ಐವತ್ತು ಹೆಜ್ಜೆಗೊಂದು ಅಡ್ಡರಸ್ತೆ, ಅಪಾರ್ಟ್‌ಮೆಂಟಿನ ಗೇಟು, ಪೆಟ್ರೋಲ್ ಬಂಕು ಸಿಗುತ್ತವೆ. ಎಡಕ್ಕೆ ತಿರುಗುವ ಟ್ಯಾಂಕರಿನ ಚಾಲಕ ಬಲಗನ್ನಡಿಯಲ್ಲಿ ಬೈಕುಗಳನ್ನು ನೋಡಿಕೊಳ್ಳುತ್ತಾನೆ. ಇಷ್ಟು ಹೊತ್ತು ಕಟ್ಟೆಯಾಚೆ ಮರೆಯಲ್ಲಿದ್ದ ಸೈಕಲ್ ಅವನ ಎಡ ಬಾಗಿಲಿನ ಕೆಳಗೆ, ಕನ್ನಡಿಗೂ ಕಿಟಕಿಗೂ ಸಿಗದ ಜಾಗದಲ್ಲಿ ನೇರ ಮುಂದಕ್ಕೆ ಬರುತ್ತಿರುತ್ತದೆ. ರಸ್ತೆಯ ಮೇಲೆಯೇ ಮುಂದೆ ಸಾಗುತ್ತಿದ್ದರೆ ಅವನು ಅದನ್ನು ನೂರು ಅಡಿ ಹಿಂದಿನಿಂದಲೇ ಕಂಡಿರುತ್ತಿದ್ದ. ಬಸ್ ನಿಲ್ದಾಣಗಳ ಪಾಡೂ ಇದೇ. ಬಸ್ಸಿನಿಂದ ಮಗುವನ್ನೆತ್ತಿಕೊಂಡು ಇಳಿಯುವ ತಾಯಿ ನೇರವಾಗಿ ಸೈಕಲ್ ಪಥದೊಳಗೇ ಕಾಲಿಡಬೇಕಾಗುತ್ತದೆ. ಕಾರಿನವನ ಜೊತೆಗಿದ್ದ ಜಗಳ ಬಸ್ ಪ್ರಯಾಣಿಕರ ಕಡೆಗೆ ತಿರುಗುತ್ತದೆ.

ಬಿಎಂಟಿಸಿ ಬಸ್ಸುಗಳಲ್ಲಿ ದಿನಕ್ಕೆ 40 ಲಕ್ಷದ ಆಸುಪಾಸು ಪ್ರಯಾಣವಾಗುತ್ತದೆ. ಹೊರ ವರ್ತುಲ ರಸ್ತೆಯಲ್ಲಿ ಎರಡೂವರೆ ಮೀಟರ್ ಜಾಗ ಸಿಗುವುದಾದರೆ 2019ರಲ್ಲಿ ಶುರುವಾಗಿದ್ದ ಬಸ್ ಆದ್ಯತಾ ಪಥವನ್ನು ಮೊದಲು ಮರಳಿ ತಂದು ಭದ್ರಪಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಸೈಕಲ್ ತುಳಿಯುವ ಬಡವರ ಹೆಸರಿನಲ್ಲಿ ಮಾತಾಡುವಾಗ ಬಸ್ಸಿಗೆ ಕಾಯುವ ಬಡವರನ್ನೂ ನೆನೆಯಬೇಕು.

ಹಾಗಾದರೆ ಮಾಡಬೇಕಾದದ್ದೇನು? ಪರ ವಾದ ವೇಗದ ಲೆಕ್ಕವನ್ನು ಸರಿಯಾಗಿಯೇ ಹೇಳಿದೆ. ಅದರಿಂದ ಹೊರಡುವ ತೀರ್ಮಾನ ಮಾತ್ರ ಬೇರೆಯಾಗಬೇಕಿತ್ತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ದಾಖಲಿಸಿದೆ. ಸತ್ತವರಲ್ಲಿ ಸೈಕಲ್ ಸವಾರರಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ನಡೆದು ಹೋಗುತ್ತಿದ್ದವರು, ಬೈಕಿನವರು. ಅವರನ್ನು ಸೈಕಲ್ ಪಥ ಕಾಪಾಡುವುದಿಲ್ಲ, ತಗ್ಗಿದ ವೇಗ ಕಾಪಾಡುತ್ತದೆ. 2018ರ ಕೇಂದ್ರ ಅಧಿಸೂಚನೆ ನಗರ ಮಿತಿಯೊಳಗೇ ಕಾರುಗಳಿಗೆ 70 ಕಿಲೋಮೀಟರ್, ಬೈಕುಗಳಿಗೆ 60 ಕಿಲೋಮೀಟರ್ ಗರಿಷ್ಠ ಮಿತಿಯಿಟ್ಟಿತು; ಇದಕ್ಕಿಂತ ಕಡಿಮೆ ಮಾಡುವ ಅವಕಾಶ ರಾಜ್ಯಗಳಿಗಿದೆ. ಪ್ಯಾರಿಸ್ 2021ರ ಆಗಸ್ಟ್ ಕೊನೆಯಿಂದ ಬಹುತೇಕ ಎಲ್ಲ ರಸ್ತೆಗಳಲ್ಲೂ 30 ಕಿಲೋಮೀಟರ್ ಮಿತಿ ತಂದಿತು. ಜನರೂ ವಾಹನಗಳೂ ಬೆರೆಯುವ ಕಡೆ 30 ಸಾಕೆಂದು ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತ್ತು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ ಆರಂಭವಾದ, ಸಾರ್ವಜನಿಕರಿಗೆ ಬಾಡಿಗೆಗೆ ಸೈಕಲ್ ಕೊಡುವ ಟ್ರಿಣ್ ಟ್ರಿಣ್ ಯೋಜನೆ ನಗರದ ಬಹುಪಾಲು ರಸ್ತೆಗಳಲ್ಲಿ ಬೇರೆ ಪಥವಿಲ್ಲದೆಯೇ ಓಡಿತು. ವಾಹನಗಳ ಓಟ ಅಲ್ಲಿ ಬೆಂಗಳೂರಿನಷ್ಟು ರಭಸದ್ದಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ.

ಸೈಕಲ್ಲಿನವರಿಗೂ ಒಂದು ಮಾತು ಹೇಳಬೇಕು. ಕತ್ತಲಲ್ಲಿ ಹಿಂದೆ ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದೆ, ಒನ್‌ವೇಯಲ್ಲಿ ಎದುರಿನಿಂದ ಬರುವ ಸವಾರನನ್ನು ಎಂಥ ಎಚ್ಚರದ ಚಾಲಕನೂ ಕೊನೆಯ ಕ್ಷಣದಲ್ಲಷ್ಟೇ ಕಾಣುತ್ತಾನೆ. ರಸ್ತೆಯಲ್ಲಿ ಸಮಾನ ಹಕ್ಕು ಕೇಳುವವರು ದೀಪದ ಮತ್ತು ದಿಕ್ಕಿನ ನಿಯಮವನ್ನು ಪಾಲಿಸಬೇಕು.

ಕಟ್ಟೆ ಕಟ್ಟಲು ಇಡುವ ಹಣದಲ್ಲಿ ವಾರ್ಡುಗಳ ಒಳರಸ್ತೆಗಳಲ್ಲಿ ಅಡ್ಡರಸ್ತೆಯ ಬಾಯಿಗಳನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಬಹುದು, ಮೋರಿಯ ಜಾಲರಿಗಳನ್ನು ಅಡ್ಡಡ್ಡ ತಿರುಗಿಸಬಹುದು, ಶಾಲೆಗಳ ಸುತ್ತ 30ರ ಮಿತಿಯನ್ನು ಕ್ಯಾಮೆರಾ ಹಾಕಿ ಜಾರಿಗೊಳಿಸಬಹುದು. ಸೈಕಲ್ ಸವಾರರ ಬಹುತೇಕ ಪ್ರಯಾಣ ಆ ಒಳರಸ್ತೆಗಳಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ.