ಬರ್ಡ್ ನಿವೃತ್ತರಾಗಿದ್ದು ಯಾವಾಗ?

ಇಂಗ್ಲೆಂಡಿನ ಸ್ಟಾಂಡನ್ ಮ್ಯಾಸಿ ಹಳ್ಳಿಗೆ ಹೋದ ಮೇಲೆ ಕ್ಯಾಥೊಲಿಕ್ ಸಂಗೀತ ರಚನಕಾರ ವಿಲಿಯಂ ಬರ್ಡ್ 'ನೆಮ್ಮದಿಯ ನಿವೃತ್ತಿ' ಅನುಭವಿಸಿದರು ಅನ್ನೋ ನಿಮ್ಮ ಲೇಖನದ ಮಾತು ಒಪ್ಪುವಂಥದ್ದಲ್ಲ. 1593ರ ಹೊತ್ತಿಗೆ ಅಲ್ಲಿಗೆ ಹೋದವರು ಮೂರು, ನಾಲ್ಕು, ಐದು ದನಿಗಳ ಮೂರು ಮಾಸ್‌ಗಳನ್ನು (ಕ್ಯಾಥೊಲಿಕ್ ಪೂಜೆಯಲ್ಲಿ ಹಾಡುವ ರಚನೆಗಳನ್ನು) ಅಚ್ಚು ಹಾಕಿಸಿದ್ದೇ ಆ ವರ್ಷಗಳಲ್ಲಿ. ಅದೂ ಮುಖಪುಟವಿಲ್ಲದೆ, ಮುದ್ರಕನ ಹೆಸರಿಲ್ಲದೆ. ಕ್ಯಾಥೊಲಿಕ್ ಪೂಜೆ ಕಾನೂನುಬಾಹಿರವಾಗಿದ್ದ ಇಂಗ್ಲೆಂಡಿನಲ್ಲಿ ಇದು ನೆಮ್ಮದಿಯ ಕೆಲಸವೇ? 1605ರಲ್ಲಿ ಕ್ಯಾಥೊಲಿಕ್ ಹಬ್ಬಗಳ ಪೂಜೆಗಾಗಿ ಬರ್ಡ್ ರಚಿಸಿದ ಹಾಡುಗಳ ಸಂಗ್ರಹ 'ಗ್ರಾಡುವಾಲಿಯಾ' ಪುಸ್ತಕ ಇಟ್ಟುಕೊಂಡಿದ್ದಕ್ಕೆ ಚಾರ್ಲ್ಸ್ ಡಿ ಲಿನ್ಯಿ ಎಂಬಾತ ನ್ಯೂಗೇಟ್ ಜೈಲು ಸೇರಿದ.

ಆ 'ಗ್ರಾಡುವಾಲಿಯಾ' ಬಗ್ಗೆ ಲೇಖನದಲ್ಲಿ ಒಂದೇ ಸಾಲು ಇರೋದು ಬೇಸರ. ಎರಡು ಸಂಪುಟ (1605, 1607), ನೂರಕ್ಕೂ ಹೆಚ್ಚು ರಚನೆ. ಏಸುವಿನ ತಾಯಿ ಮರಿಯಮ್ಮನ ಹಬ್ಬಗಳ ಭಾಗದಲ್ಲಿ ಒಂದೇ ಸಾಹಿತ್ಯ ಹಲವು ಹಬ್ಬಗಳಿಗೆ ಬರುವುದರಿಂದ ಬರ್ಡ್ ಅದನ್ನು ಒಮ್ಮೆ ಮಾತ್ರ ಅಚ್ಚು ಹಾಕಿಸಿದ್ದಾರೆ. ಗಾಯಕರು ಬೇಕಾದ ತುಂಡನ್ನು ಬೇರೆ ಪುಟದಿಂದ ತಂದು ಜೋಡಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಅಚ್ಚಾದ ಕ್ರಮದಲ್ಲೇ ಕೊನೇತನಕ ಹಾಡಿದರೆ ಬೇರೆ ಬೇರೆ ಹಬ್ಬದ ಚರಣಗಳು ಕಲಸಿ ಅರ್ಥ ಕೆಡುತ್ತದೆ. ಎಲ್ಲ ದನಿಗಳ ಸ್ವರಲಿಪಿ ಒಟ್ಟಿಗೆ ಇರುವ ಸ್ಕೋರ್ ಅಚ್ಚಾಗಿರಲಿಲ್ಲ, ಒಂದೊಂದು ದನಿಗೂ ಬೇರೆ ಪುಸ್ತಕ. ಹಾಗಾಗಿ ಒಬ್ಬರು ತಪ್ಪು ತುಂಡಿಗೆ ಹಾರಿದರೆ ಇಡೀ ಗುಂಪೇ ಕೆಟ್ಟಿತು.

ಅಂದಹಾಗೆ, ದೊಡ್ಡ ಗಾಯನವೃಂದದ ಧ್ವನಿಮುದ್ರಣವನ್ನು ಶಿಫಾರಸು ಮಾಡಿದ್ದೀರಿ. ಬರ್ಡ್‌ರ ಈ ರಚನೆಗಳು ಪೀಟರ್ ಕುಟುಂಬದಂಥ ಶ್ರೀಮಂತರ ಮನೆಯೊಳಗೆ ಗುಟ್ಟಾಗಿ ನಡೆಯುತ್ತಿದ್ದ ಪೂಜೆಗೆ ಒದಗುವಂಥವು. ದನಿಗೊಬ್ಬರಂತೆ ಹಾಡಿದ್ದನ್ನು ಕೇಳಿ, ನಾಲ್ಕು ದನಿಯ ಮಾಸ್‌ನ ಕೊನೆಯ 'ಡೋನಾ ನೋಬಿಸ್ ಪಾಚೆಮ್' (ನಮಗೆ ಶಾಂತಿ ಕೊಡು) ಸಾಲಿನಲ್ಲಿ ಸ್ವರಗಳು ಒಂದಕ್ಕೊಂದು ತಿಕ್ಕಾಡೋದು ಆಗಲೇ ಬಿಡಿಬಿಡಿಯಾಗಿ ಕಿವಿಗೆ ಬೀಳೋದು.