ಜಾಮೂನು ಖಾಲಿ ಆಗಿದೆ ಸರ್

ಮಕ್ಕಳ ಹೋಟೆಲ್ ಆಟದಲ್ಲಿ ಎಲ್ಲರಿಗೂ ಬೇಕಾದ ಕೆಲಸ ಸಪ್ಲೈಯರ್‌ದು. ಮಾಲೀಕನಾಗಲು ಅಷ್ಟೊಂದು ಪೈಪೋಟಿ ಇಲ್ಲ. ಗಿರಾಕಿಯಾಗಲಂತೂ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ, ಹಾಗಾಗಿ ಅದು ಸುಮ್ನೆ ಕೂತಿರುವ ದೊಡ್ಡವರ ತಲೆಗೆ ಬರುತ್ತದೆ.

ಕೊಡಗಿನಲ್ಲಿ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇಂಥ ಹೋಟೆಲ್‌ಗಳು ಜಾಸ್ತಿ. ಮಳೆ ಇರುವುದಿಲ್ಲ, ದೊಡ್ಡವರೆಲ್ಲ ಕಣದಲ್ಲಿ ಕಾಫಿ ಹರವುತ್ತಾ ಇರುತ್ತಾರೆ, ಸಾಮಾನು ಕಾಲಕೆಳಗೇ ಬಿದ್ದಿರುತ್ತದೆ. ನಮ್ಮ ಕಣದ ಮೂಲೆಯ ಹೋಟೆಲಿನಲ್ಲಿ ಮಣ್ಣಿನ ಉಂಡೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು), ಹರಿದ ಸಿಲ್ವರ್ ಓಕ್ ಎಲೆ ಪಲ್ಯ, ಕೆಂಪು ಕಾಫಿ ಹಣ್ಣು ಜಾಮೂನು. ಕಾಫಿ ಮಾತ್ರ ಕೆಮ್ಮಣ್ಣಿನ ನೀರು! ಸುತ್ತ ಅಷ್ಟು ಕಾಫಿ ಬಿದ್ದಿದ್ದರೂ ಅದರಿಂದಲೇ ಕಾಫಿ ಮಾಡಬಹುದು ಅಂತ ಆ ಅಡುಗೆಭಟ್ಟರಿಗೆ ಇನ್ನೂ ಹೊಳೆದಿಲ್ಲ.

ಕೋಲನ್ನು ಕುದುರೆ ಮಾಡುವ ಮಗುವಿನ ಬಗ್ಗೆ ಲೆವ್ ವೈಗಾಟ್‌ಸ್ಕಿ ಎಂಬ ಸೋವಿಯತ್ ಮನಶ್ಶಾಸ್ತ್ರಜ್ಞ 1933ರಲ್ಲೇ ಒಂದು ಉಪನ್ಯಾಸದಲ್ಲಿ ಮಾತಾಡಿದ್ದ. ಕಣ್ಣಿಗೆ ಕಾಣುವ ವಸ್ತು ಒಂದು, ಮನಸ್ಸು ಅದಕ್ಕೆ ಕೊಟ್ಟ ಅರ್ಥ ಇನ್ನೊಂದು, ಇವೆರಡನ್ನೂ ಬಿಡಿಸಿ ನೋಡುವುದನ್ನು ಮಗು ಆಟದಲ್ಲೇ ಕಲಿಯುತ್ತದೆ ಅನ್ನುವುದು ಅವನ ಮಾತು. ಅದಕ್ಕಿಂತ ನನಗೆ ಹಿಡಿಸಿದ್ದು ಅವನು ಹೇಳಿದ ಮಿಠಾಯಿ ವಿಷಯ. ಆಟದಲ್ಲಿ ಮಿಠಾಯಿಯನ್ನು ತಿನ್ನಬಾರದ ವಸ್ತು ಅಂತ ಇಟ್ಟುಕೊಂಡರೆ ಮಗು ಅದನ್ನು ಬಾಯಿಗೆ ಹಾಕುವುದಿಲ್ಲವಂತೆ. ನಂಬಿಕೆ ಬರದೆ ನಮ್ಮ ಹೋಟೆಲಿಗೆ ನಿಜವಾದ ಬಿಸ್ಕತ್ತು ಕೊಟ್ಟು ನೋಡಿದೆ. ಅಲ್ಲಿ ಸಪ್ಲೈಯರ್ ಆಗಿದ್ದವನು ಮನೆಯಲ್ಲಿ ಬಿಸ್ಕತ್ತು ಡಬ್ಬಿಗೆ ಬೀಗ ಹಾಕಬೇಕಾದಂಥ ಹುಡುಗ. ಅವನೇ ಅದನ್ನು ಬಾಳೆಲೆ ಚೂರಿನ ಮೇಲೆ ಇಟ್ಟು, ಎರಡೂ ಕೈಯಲ್ಲಿ ಹಿಡಿದು, "ದೋಸೆ ಬಿಸಿ ಇದೆ, ಹುಷಾರು" ಅಂತ ನನ್ನ ಮುಂದೆ ಇಟ್ಟ. ಮುಟ್ಟಲಿಲ್ಲ. ನಾನು ತಿನ್ನದೆ ಸುಮ್ಮನೆ ಕೂತಾಗ ಸ್ವಲ್ಪ ಹೊತ್ತು ನೋಡಿ, ಅಕ್ಕನ ಕಿವಿಯಲ್ಲಿ "ಹೋಟೆಲ್ ಬಂದ್ ಮಾಡೋಣ್ವಾ?" ಅಂತ ಕೇಳಿದ.

ಆ ಅಕ್ಕನೂ ಸಾಮಾನ್ಯಳಲ್ಲ. ಐದು ನಿಮಿಷ ಮುಂಚೆ ತಮ್ಮನ ಕೂದಲು ಹಿಡಿದು ಎಳೆದವಳು, ಅವನು ಗಿರಾಕಿಯಾಗಿ ಕೂತ ತಕ್ಷಣ "ನಿಮಗೆ ಏನು ಕೊಡ್ಲಿ ಸರ್?" ಅನ್ನುತ್ತಾಳೆ. ಲೈನ್ ಮನೆಯಿಂದ, ಅಂದ್ರೆ ತೋಟದ ಕೆಲಸಗಾರರ ಸಾಲುಮನೆಗಳಿಂದ, ಬರುವ ಮಕ್ಕಳು ತಮ್ಮ ತಮ್ಮಲ್ಲೇ ಮಲಯಾಳಂನಲ್ಲೋ ತಮಿಳಿನಲ್ಲೋ ಜಗಳ ಆಡಿದರೂ ಆರ್ಡರ್ ತಗೊಳ್ಳುವುದು ಮಾತ್ರ ಕನ್ನಡದಲ್ಲಿ. ಹೋಟೆಲಿನಲ್ಲಿ ಹೇಗೆ ಮಾತಾಡಬೇಕು ಅಂತ ಇವರಿಗೆ ಯಾರೂ ಪಾಠ ಮಾಡಿಲ್ಲ. ಗೋಣಿಕೊಪ್ಪದ ಸಂತೆಗೆ ಹೋದಾಗ ನಾವು ವಡೆ ತಿನ್ನುತ್ತಿದ್ದರೆ ಇವರು ಸಪ್ಲೈಯರ್‌ನ ಬಾಯಿಯನ್ನೇ ನೋಡುತ್ತಾ ಕೂತಿರುತ್ತಾರೆ, ಅಷ್ಟೇ.

ಆರ್ಡರ್ ಬರೆದುಕೊಳ್ಳುವುದೂ ಉಂಟು. ಹಳೆ ಕ್ಯಾಲೆಂಡರಿನ ಹಿಂಬದಿ, ಒಂದು ಪೆನ್ಸಿಲ್ ತುಂಡು. ಅಕ್ಷರ ಬಾರದ ಹುಡುಗಿ ಸೊಟ್ಟ ಗೆರೆ ಎಳೆದು, ಅಡುಗೆಮನೆಗೆ ಓಡಿ, ಅದನ್ನೇ ನೋಡಿ "ಎರಡು ಕಾಫಿ, ಒಂದು ನೂಪುಟ್ಟು" ಅಂತ ಓದುತ್ತಾಳೆ (ನೂಪುಟ್ಟು ಅಂದ್ರೆ ನಮ್ಮ ಕಡೆಯ ಅಕ್ಕಿ ಶಾವಿಗೆ). ಬರೆದದ್ದು ಮಾತನ್ನು ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು ಅ ಆ ಇ ಈ ಬರುವ ಮೊದಲೇ ಅವಳಿಗೆ ಗೊತ್ತಾಗಿದೆ. ಇದು ಸಣ್ಣ ವಿಷಯ ಅಲ್ಲ.

ಇಲ್ಲೇ ನಾವು ಮೂಗು ತೂರಿಸುತ್ತೇವೆ. "ಒಂದು ಕಾಫಿಗೆ ಹತ್ತು ರೂಪಾಯಿ ಆದ್ರೆ ಮೂರು ಕಾಫಿಗೆ ಎಷ್ಟು, ಹೇಳು ಪುಟ್ಟಾ?" ಮುಗಿಯಿತು, ಹೋಟೆಲ್ ಹೋಗಿ ಸ್ಕೂಲಾಯಿತು. ಮಕ್ಕಳು ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಆಟದಿಂದ ಕಲಿಸಬೇಕು ಅಂತ ಈಗ ಎಲ್ಲರೂ ಹೇಳುತ್ತಾರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದೆ. ಆದರೆ ಗಿರಾಕಿ ಗಿರಾಕಿಯಾಗಿಯೇ ಇದ್ದರೆ ಒಳ್ಳೆಯದು. ಇನ್ನೊಂದು ಜಾಮೂನು ಕೇಳಿ, ಸಾಂಬಾರಿಗೆ ಉಪ್ಪು ಕಮ್ಮಿ ಅಂತ ತಕರಾರು ತೆಗೆಯಿರಿ. ಎದುರಿಗೇ ಬುಟ್ಟಿ ತುಂಬ ಕಾಫಿ ಹಣ್ಣು ಇದ್ದರೂ "ಜಾಮೂನು ಖಾಲಿ ಆಗಿದೆ ಸರ್" ಅನ್ನುತ್ತಾರೆ. ಇಲ್ಲ ಅನ್ನುವ ಅಧಿಕಾರ ಮಕ್ಕಳಿಗೆ ಬೇರೆ ಎಲ್ಲಿ ಸಿಗುತ್ತದೆ, ಅಲ್ವಾ?

ಲೆಕ್ಕ ತಾನಾಗಿಯೇ ಬರುತ್ತದೆ, ಚಿಂತೆ ಬೇಡ. ನನ್ನ ಬಿಲ್ಲಿನಲ್ಲಿ ಕಡಂಬುಟ್ಟಿಗೆ 2 ರೂಪಾಯಿ, ನೀರಿಗೆ 500. ಇದೇನಮ್ಮಾ ಅಂತ ಬಿಲ್ಲು ತಂದ ಹುಡುಗಿಯನ್ನು ಕೇಳಿದೆ. "ನೀವು ಟೂರಿಸ್ಟು ಅಲ್ವಾ ಸರ್" ಅಂದಳು.